ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವ ಮುಂಚೆ: ರೀಕಾಲ್ ಮತ್ತು ಮಾಲೀಕರ ದೂರುಗಳನ್ನು ಜಾಲಾಡುವುದು ಹೇಗೆ?

ಹಳೆ ಎಸ್‌ಯುವಿ ನೋಡಲು ಹೋದಾಗ ನಮ್ಮವರ ಕಣ್ಣು ಮೊದಲು ಹೋಗುವುದು ಕಿಲೋಮೀಟರ್ ಮೇಲೆ. ಆಮೇಲೆ ಟೈರು, ಪೇಂಟು, ಸನ್‌ರೂಫ್. ಗೊತ್ತಿರುವ ಮೆಕ್ಯಾನಿಕ್ ಜೊತೆಗಿದ್ದರೆ ಬಾನೆಟ್ ಎತ್ತಿಸಿ ಎಂಜಿನ್ ಸದ್ದು ಕೇಳುತ್ತಾರೆ. ಇದೆಲ್ಲ ಬೇಕಾದದ್ದೇ. ಆದರೆ ಕಂಪನಿ ಈ ಗಾಡಿಯನ್ನು ಯಾವತ್ತಾದರೂ ರೀಕಾಲ್ ಮಾಡಿತ್ತಾ, ಅಂದರೆ ದೋಷ ಕಂಡು ಸರಿಪಡಿಸಲು ವಾಪಸ್ ಕರೆಸಿತ್ತಾ, ಕರೆಸಿದ್ದರೆ ಆ ಕೆಲಸ ಮುಗಿದಿದೆಯಾ ಎಂದು ಕೇಳುವವರು ತುಂಬಾ ಕಡಿಮೆ.

ಕೇಳಲೇಬೇಕು. ಕಾರಣ ಸರಳ. ರೀಕಾಲ್ ಆದಾಗ ಕಂಪನಿಯವರು ತಮ್ಮ ದಾಖಲೆಯಲ್ಲಿರುವ ಫೋನ್ ನಂಬರಿಗೆ ಮೆಸೇಜ್ ಕಳಿಸುತ್ತಾರೆ, ಕರೆ ಮಾಡುತ್ತಾರೆ. ಆ ನಂಬರ್ ಹೆಚ್ಚಾಗಿ ಮೊದಲ ಮಾಲೀಕರದ್ದು. ಅವರು ಗಾಡಿ ಮಾರಿ ವರ್ಷವಾಗಿರುತ್ತದೆ, ಮೆಸೇಜ್ ನೋಡಿ ಸುಮ್ಮನಾಗುತ್ತಾರೆ. ಎರಡನೇ ಮಾಲೀಕರಿಗೆ ವಿಷಯವೇ ಗೊತ್ತಿರುವುದಿಲ್ಲ. ಗಾಡಿ ಅದೇ ದೋಷ ಇಟ್ಟುಕೊಂಡು ಶಿರಾಡಿ ಘಾಟಿ ಹತ್ತಿ ಇಳಿಯುತ್ತಿರುತ್ತದೆ.

ಹಾಗಂತ ರೀಕಾಲ್ ಆದ ಮಾಡೆಲ್ ಎಂದ ತಕ್ಷಣ ಬೇಡ ಎಂದು ಎದ್ದು ಬರಬೇಡಿ. ಇವತ್ತು ಮಾರ್ಕೆಟ್ಟಿನಲ್ಲಿರುವ ಹೆಸರಾಂತ ಎಸ್‌ಯುವಿಗಳಲ್ಲಿ ಬಹಳಷ್ಟು ಒಂದಲ್ಲ ಒಂದು ರೀಕಾಲ್ ಕಂಡಿವೆ. ಕೆಲಸ ಮಾಡಿಸಿದ ಗಾಡಿಗೆ ಹೆದರಬೇಕಿಲ್ಲ. ಕೆಲಸ ಬಾಕಿ ಇರುವ ಗಾಡಿಯನ್ನು ಗುರುತಿಸುವುದು ಹೇಗೆ, ಅದೇ ಇಲ್ಲಿರುವ ವಿಷಯ.

ಹಂತ 1: ಮೊದಲು ಆರ್‌ಸಿ ನೋಡಿ, ತಯಾರಾದ ತಿಂಗಳು ಬರೆದುಕೊಳ್ಳಿ

ಮಾರುವವರನ್ನು ಆರ್‌ಸಿಯ ಎರಡೂ ಬದಿಯ ಫೋಟೋ ಕೇಳಿ. ಫೋನಿನಲ್ಲೇ ಕೇಳಬಹುದು, ಗಾಡಿ ನೋಡಲು ಹೋಗುವ ಮುಂಚೆಯೇ. ಅದರಲ್ಲಿ ನಮಗೆ ಮುಖ್ಯವಾದದ್ದು ಎರಡು: ಚಾಸಿ ನಂಬರ್ ಮತ್ತು ಗಾಡಿ ತಯಾರಾದ ತಿಂಗಳು-ವರ್ಷ.

ಚಾಸಿ ನಂಬರಿನಲ್ಲಿ ಅಕ್ಷರ, ಅಂಕಿ ಸೇರಿ 17 ಇರುತ್ತವೆ. ಮೊದಲ ಮೂರು ತಯಾರಕರನ್ನು ಹೇಳುತ್ತವೆ. ಮಹೀಂದ್ರಾಗೆ ಎಂಎ1, ಮಾರುತಿಗೆ ಎಂಎ3, ಟಾಟಾಗೆ ಎಂಎಟಿ, ಹ್ಯುಂಡೈಗೆ ಎಂಎಎಲ್. ಐ, ಓ, ಕ್ಯೂ ಈ ಮೂರು ಇಂಗ್ಲಿಷ್ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಆದ್ದರಿಂದ ದುಂಡಗೆ ಕಂಡದ್ದು ಸೊನ್ನೆಯೇ, ನೆಟ್ಟಗೆ ಕಂಡದ್ದು ಒಂದೇ. ಬರೆದುಕೊಳ್ಳುವಾಗ ತಪ್ಪಾಗುವುದು ಇಲ್ಲೇ.

ತಯಾರಾದ ತಿಂಗಳು ಯಾಕೆ ಬೇಕು ಎಂದರೆ, ರೀಕಾಲ್ ಮಾಡುವುದು ಮಾಡೆಲ್ ಪೂರ್ತಿಯಾಗಿ ಅಲ್ಲ, ಇಂಥ ದಿನದಿಂದ ಇಂಥ ದಿನದವರೆಗೆ ಫ್ಯಾಕ್ಟರಿಯಿಂದ ಹೊರಬಂದ ಲಾಟ್ ಎಂದು ಲೆಕ್ಕ. ಮಾರುತಿ ಗ್ರ್ಯಾಂಡ್ ವಿಟಾರಾ ತಗೊಳ್ಳಿ. 2022ರ ಆಗಸ್ಟ್ 8ರಿಂದ ನವೆಂಬರ್ 15ರವರೆಗೆ ತಯಾರಾದ 11,177 ಗಾಡಿಗಳನ್ನು ಹಿಂದಿನ ಸೀಟ್ ಬೆಲ್ಟ್ ಹಿಡಿದಿಡುವ ಬ್ರಾಕೆಟ್ಟಿಗಾಗಿ ಕರೆಸಿಕೊಂಡರು. ಆ ಬ್ರಾಕೆಟ್ ಕಾಲಕ್ರಮದಲ್ಲಿ ಸಡಿಲ ಆಗುವ ಸಾಧ್ಯತೆ ಇತ್ತು. ಅದೇ ಸುಮಾರಿಗೆ ಇನ್ನೊಂದು ರೀಕಾಲ್: 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರವರೆಗೆ ತಯಾರಾದ ಆಲ್ಟೊ ಕೆ10, ಬ್ರೆಜ್ಜಾ, ಬಲೆನೊ, ಗ್ರ್ಯಾಂಡ್ ವಿಟಾರಾ ಮುಂತಾದ 17,362 ಗಾಡಿಗಳಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ಬದಲಿಸಬೇಕಾಯಿತು. ಅಪಘಾತದ ಹೊತ್ತಿಗೆ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎರಡೂ ಕೈಕೊಡುವ ಭಯ ಅದರಲ್ಲಿತ್ತು. ಒಂದೇ ಮಾಡೆಲ್, ಕೆಲವೇ ತಿಂಗಳ ಅಂತರ, ದೋಷ ಬೇರೆ ಬೇರೆ.

ರಿಜಿಸ್ಟ್ರೇಷನ್ ತಾರೀಖು ನೋಡಿ ಮೋಸ ಹೋಗಬೇಡಿ. ಡಿಸೆಂಬರಿನಲ್ಲಿ ತಯಾರಾದ ಗಾಡಿ ಶೋರೂಮಿನಲ್ಲಿ ನಿಂತು ಮಾರ್ಚಿನಲ್ಲಿ ರಿಜಿಸ್ಟರ್ ಆಗಿರಬಹುದು. ನೋಡಬೇಕಾದದ್ದು ತಯಾರಾದ ತಿಂಗಳನ್ನೇ.

ಗಾಡಿಯ ಹತ್ತಿರ ಹೋದಾಗ ತಗಡಿನ ಮೇಲೆ ಕೊರೆದಿರುವ ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹಿಡಿದು ಹೋಲಿಸಿ. ಅದು ಎಲ್ಲಿರುತ್ತದೆ ಎಂಬುದು ಮಾಡೆಲ್ ಮೇಲೆ ಹೋಗುತ್ತದೆ, ಓನರ್ ಮ್ಯಾನುಯಲ್‌ನಲ್ಲಿ ಚಿತ್ರ ಇರುತ್ತದೆ. ಸುತ್ತ ಉಜ್ಜಿದ ಗುರುತು, ಹೊಸ ಪೇಂಟ್ ಕಂಡರೆ ಮುಂದಿನ ಹಂತಗಳು ಬೇಡವೇ ಬೇಡ. ಆ ಗಾಡಿ ಬಿಡಿ.

ಹಂತ 2: ರೀಕಾಲ್ ಹುಡುಕಿ

ನಮ್ಮ ದೇಶದಲ್ಲಿ ಬಹಳ ಕಾಲ ರೀಕಾಲ್ ಎನ್ನುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದಾಗಿತ್ತು. 2012ರಲ್ಲಿ ತಯಾರಕರ ಸಂಘವಾದ ಸಿಯಾಮ್ ತಾನಾಗಿ ಒಂದು ನೀತಿ ಮಾಡಿಕೊಂಡಿತು. ಆಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು 110ಎ ಎಂಬ ಸೆಕ್ಷನ್ ಸೇರಿತು. ಕಂಪನಿ ತಾನಾಗಿ ಮಾಡದಿದ್ದರೆ ಸರ್ಕಾರವೇ ರೀಕಾಲ್ ಆದೇಶ ಕೊಡಬಹುದು. 2021ರ ಏಪ್ರಿಲ್‌ನಿಂದ ಇದರ ನಿಯಮಗಳು ಜಾರಿಯಲ್ಲಿವೆ. ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಈ ಕಡ್ಡಾಯ ರೀಕಾಲ್ 7 ವರ್ಷ ತುಂಬದ ಗಾಡಿಗಳಿಗೆ ಅನ್ವಯ. ಅದಕ್ಕಿಂತ ಹಳೆಯ ಗಾಡಿ ಕೊಳ್ಳುವವರು ಇದನ್ನು ನೆನಪಿಟ್ಟುಕೊಂಡು ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು.

ಹುಡುಕುವ ದಾರಿ ಮೂರು. ಒಂದು, ಕಂಪನಿಯ ವೆಬ್‌ಸೈಟು. ಹಲವು ಕಂಪನಿಗಳು ಚಾಸಿ ನಂಬರ್ ಹಾಕಿದರೆ ರೀಕಾಲ್ ಇದೆಯೋ ಇಲ್ಲವೋ ತೋರಿಸುವ ಪುಟ ಇಟ್ಟಿವೆ. ಎರಡು, ಸಿಯಾಮ್ ವೆಬ್‌ಸೈಟಿನಲ್ಲಿರುವ ರೀಕಾಲ್ ಮಾಹಿತಿ. ಮೂರು, ಆ ಕಂಪನಿಯ ಯಾವುದಾದರೂ ಅಧಿಕೃತ ಸರ್ವಿಸ್ ಸೆಂಟರ್. ನನ್ನ ಮಟ್ಟಿಗೆ ಮೂರನೆಯದೇ ಗಟ್ಟಿ. ಅಲ್ಲಿನ ಕಂಪ್ಯೂಟರಿನಲ್ಲಿ ಚಾಸಿ ನಂಬರ್ ಹೊಡೆದರೆ ಬಾಕಿ ಇರುವ ಕೆಲಸ ಸ್ಕ್ರೀನಿನ ಮೇಲೆ ಬರುತ್ತದೆ.

ಅಲ್ಲಿ ಕೇಳುವ ರೀತಿ ಮುಖ್ಯ. "ಈ ಗಾಡಿಗೆ ರೀಕಾಲ್ ಇದೆಯಾ ಸರ್?" ಎಂದರೆ ಎಷ್ಟೋ ಸಲ "ಇಲ್ಲ" ಎನ್ನುವ ಉತ್ತರ ಬರುತ್ತದೆ. ರೀಕಾಲ್ ಎನ್ನುವ ಮಾತನ್ನು ಕಂಪನಿಗಳು ಇಷ್ಟಪಡುವುದಿಲ್ಲ. ಸರ್ವಿಸ್ ಕ್ಯಾಂಪೇನ್, ಫೀಲ್ಡ್ ಆಕ್ಷನ್, ಮುಂಜಾಗ್ರತಾ ತಪಾಸಣೆ ಎಂದೆಲ್ಲ ಹೆಸರಿಡುತ್ತವೆ. ಆದ್ದರಿಂದ ಹೀಗೆ ಕೇಳಿ: "ಈ ಚಾಸಿ ನಂಬರಿಗೆ ರೀಕಾಲ್, ಕ್ಯಾಂಪೇನ್, ಸಾಫ್ಟ್‌ವೇರ್ ಅಪ್‌ಡೇಟ್ ಏನಾದರೂ ಬಾಕಿ ತೋರಿಸ್ತಿದೆಯಾ? ಹಿಂದೆ ಮಾಡಿದ್ದರೆ ಯಾವ ತಾರೀಖು?" ಗಾಡಿ ಇನ್ನೂ ನಿಮ್ಮ ಹೆಸರಿನಲ್ಲಿಲ್ಲ ಎಂದು ಸರ್ವಿಸ್ ಅಡ್ವೈಸರ್ ಮಾಹಿತಿ ಕೊಡಲು ಹಿಂದೇಟು ಹಾಕಬಹುದು. ಆಗ ಮಾರುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಮಾರುವವರು ಅದಕ್ಕೂ ಬರಲ್ಲ ಎಂದರೆ ನಿಮಗೆ ಅರ್ಧ ಉತ್ತರ ಸಿಕ್ಕಂತೆ.

ಈಗ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಓಡಾಡುತ್ತಿರುವ ಕೆಲವು ಗಾಡಿಗಳ ಕಥೆ ನೋಡೋಣ.

ಮಹೀಂದ್ರಾ ಎಕ್ಸ್‌ಯುವಿ700ಕ್ಕೆ ದೊಡ್ಡ ರೀಕಾಲ್ ಬಂದದ್ದು 2023ರ ಆಗಸ್ಟ್‌ನಲ್ಲಿ. 2021ರ ಜೂನ್ 8ರಿಂದ 2023ರ ಜೂನ್ 28ರವರೆಗೆ ತಯಾರಾದ 1,08,306 ಗಾಡಿಗಳು. ಎಂಜಿನ್ ಇರುವ ಜಾಗದಲ್ಲಿ ವೈರಿಂಗ್ ಹಾದುಹೋಗುವ ದಾರಿ ಸರಿಯಿಲ್ಲದೆ ವೈರು ಉಜ್ಜಿ ಉಜ್ಜಿ ಸವೆಯಬಹುದು ಎಂಬ ಕಾರಣಕ್ಕೆ ತಪಾಸಣೆ ಮಾಡಿದರು. ಎರಡು ವರ್ಷದಲ್ಲಿ ತಯಾರಾದ ಗಾಡಿಗಳು ಎಂದರೆ ಇವತ್ತು ಸೆಕೆಂಡ್ ಹ್ಯಾಂಡ್ ಆಗಿ ಬರುವ ಎಕ್ಸ್‌ಯುವಿ700ಗಳಲ್ಲಿ ಸುಮಾರು ಗಾಡಿ ಇದರೊಳಗೇ ಬೀಳುತ್ತವೆ. ಅದಕ್ಕೂ ಮುಂಚೆ, 2022ರ ಡಿಸೆಂಬರಿನಲ್ಲಿ, ಮ್ಯಾನುಯಲ್ ಗೇರಿನ 12,566 ಎಕ್ಸ್‌ಯುವಿ700 ಮತ್ತು 6,618 ಸ್ಕಾರ್ಪಿಯೊ-ಎನ್ ಗಾಡಿಗಳನ್ನು ಕ್ಲಚ್ ಹೌಸಿಂಗ್ ಒಳಗಿನ ರಬ್ಬರ್ ಬೆಲ್ಲೋಸ್ (ಮಡಿಕೆಯ ಕವಚ) ನೋಡಲು ಕರೆಸಿದ್ದರು. ಅವು 2022ರ ಜುಲೈ 1ರಿಂದ ನವೆಂಬರ್ 11ರ ನಡುವೆ ತಯಾರಾದವು. ಅಂದರೆ 2022ರ ಸೆಪ್ಟೆಂಬರಿನ ಒಂದು ಮ್ಯಾನುಯಲ್ ಎಕ್ಸ್‌ಯುವಿ700 ಎರಡೂ ರೀಕಾಲ್‌ಗಳ ಅವಧಿಯೊಳಗೆ ಬರುತ್ತದೆ. ಒಂದನ್ನು ಮಾಡಿಸಿದ ಮಾಲೀಕರು ಇನ್ನೊಂದನ್ನು ಬಿಟ್ಟಿರಬಹುದು. ಎರಡನ್ನೂ ಹೆಸರು ಹಿಡಿದು ಕೇಳಿ.

ಹ್ಯುಂಡೈ ಕ್ರೆಟಾ, ಕಿಯಾ ಸೆಲ್ಟೋಸ್ ಬೇರೆ ಬೇರೆ ಬ್ಯಾಡ್ಜ್ ಹೊತ್ತ ಸಂಬಂಧಿಕರು. 2024ರ ಫೆಬ್ರುವರಿಯಲ್ಲಿ 1.5 ಪೆಟ್ರೋಲ್ ಎಂಜಿನ್, ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ 7,698 ಕ್ರೆಟಾ ಮತ್ತು ವರ್ನಾ ಗಾಡಿಗಳನ್ನು ಎಲೆಕ್ಟ್ರಾನಿಕ್ ಆಯಿಲ್ ಪಂಪ್ ಕಂಟ್ರೋಲರ್‌ಗಾಗಿ ರೀಕಾಲ್ ಮಾಡಿದರು. ಅದೇ ತಿಂಗಳು ಅದೇ ಬಿಡಿಭಾಗಕ್ಕೆ 4,358 ಸೆಲ್ಟೋಸ್‌ಗಳ ರೀಕಾಲೂ ಆಯಿತು. ಇವೆಲ್ಲ 2023ರ ಮೊದಲ ಏಳು ತಿಂಗಳೊಳಗೆ ತಯಾರಾದ ಗಾಡಿಗಳು.

ಇಲ್ಲಿಂದ ಒಂದು ಒಳ್ಳೆ ಉಪಾಯ ಸಿಗುತ್ತದೆ. ನೀವು ನೋಡುತ್ತಿರುವ ಗಾಡಿಗೆ ಅವಳಿ ಇದೆಯಾ ಎಂದು ತಿಳಿದುಕೊಳ್ಳಿ. ಗ್ರ್ಯಾಂಡ್ ವಿಟಾರಾದ ಅವಳಿ ಟೊಯೊಟಾ ಹೈರೈಡರ್. ಎರಡೂ ನಮ್ಮ ಬಿಡದಿಯ ಫ್ಯಾಕ್ಟರಿಯಲ್ಲೇ ತಯಾರಾದವು. ಗ್ರ್ಯಾಂಡ್ ವಿಟಾರಾದ ಸೀಟ್ ಬೆಲ್ಟ್, ಏರ್‌ಬ್ಯಾಗ್ ರೀಕಾಲ್‌ಗಳು ಹೈರೈಡರ್‌ಗೂ ಬಂದವು. ಸ್ಕೋಡಾ ಕುಶಾಕ್‌ಗೆ ಫೋಕ್ಸ್‌ವ್ಯಾಗನ್ ಟೈಗುನ್, ಹಳೆ ರೆನೋ ಡಸ್ಟರ್‌ಗೆ ನಿಸಾನ್ ಟೆರಾನೊ. ಒಂದರ ರೀಕಾಲ್ ಓದಿದರೆ ಇನ್ನೊಂದರಲ್ಲಿ ಏನು ಕೇಳಬೇಕು ಎಂಬುದು ಗೊತ್ತಾಗುತ್ತದೆ.

ಹಳೆಯ ಸಿಆರ್-ವಿ ಕಣ್ಣಿಗೆ ಬಿದ್ದರೆ ನಿಂತು ಯೋಚಿಸಿ

ಇದನ್ನು ಬೇರೆಯಾಗಿ ಹೇಳಲೇಬೇಕು. ಎರಡನೇ, ಮೂರನೇ ತಲೆಮಾರಿನ ಹೋಂಡಾ ಸಿಆರ್-ವಿ ಈಗ ತುಂಬಾ ಕಡಿಮೆ ಬೆಲೆಗೆ ಸಿಗುತ್ತದೆ. ಎಂಜಿನ್ ಗಟ್ಟಿ, ಕೂರಲು ಸುಖ. ಆದರೆ ಟಕಾಟಾ ಏರ್‌ಬ್ಯಾಗ್ ರೀಕಾಲ್‌ನಲ್ಲಿ ಸೇರಿದ ಗಾಡಿಗಳಲ್ಲಿ ಅದೂ ಒಂದು.

ಟಕಾಟಾ ಜಪಾನಿನ ಕಂಪನಿ. ಏರ್‌ಬ್ಯಾಗನ್ನು ಕ್ಷಣದಲ್ಲಿ ಉಬ್ಬಿಸಲು ಅದು ಅಮೋನಿಯಂ ನೈಟ್ರೇಟ್ ಬಳಸಿತ್ತು. ವರ್ಷಗಟ್ಟಲೆ ಸೆಕೆ, ತೇವ ತಿಂದರೆ ಆ ರಾಸಾಯನಿಕ ಹಾಳಾಗುತ್ತದೆ. ಆಗ ಅಪಘಾತದಲ್ಲಿ ಅದು ಬೇಕಾದದ್ದಕ್ಕಿಂತ ಜೋರಾಗಿ ಸಿಡಿಯುತ್ತದೆ, ಸುತ್ತಲಿನ ಲೋಹದ ಡಬ್ಬಿ ಒಡೆದು ಚೂರುಗಳು ಎದುರಿಗೆ ಕೂತವರ ಮುಖ, ಕುತ್ತಿಗೆಗೆ ಹಾರುತ್ತವೆ. ಜೀವ ಉಳಿಸಬೇಕಾದ ಏರ್‌ಬ್ಯಾಗೇ ಜೀವ ತೆಗೆದ ಪ್ರಕರಣಗಳು ಅಮೆರಿಕ, ಮಲೇಷ್ಯಾಗಳಲ್ಲಿ ಆಗಿವೆ. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳು ರೀಕಾಲ್ ಆದವು. 2017ರ ಜೂನ್‌ನಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು.

ಸೆಕೆ ಮತ್ತು ತೇವ ಎಂದರೆ ಯಾವ ಊರು ನೆನಪಾಗುತ್ತದೆ? ಮಂಗಳೂರು, ಉಡುಪಿ, ಕಾರವಾರ. ಕರಾವಳಿಯಲ್ಲಿ ಹತ್ತು-ಹದಿನೈದು ವರ್ಷ ಬಿಸಿಲು ಮಳೆಯಲ್ಲಿ ನಿಂತ ಗಾಡಿಯಲ್ಲಿ ಏರ್‌ಬ್ಯಾಗ್ ಉಬ್ಬಿಸುವ ಆ ಹಳೆ ಡಬ್ಬಿ, ಅಂದರೆ ಇನ್‌ಫ್ಲೇಟರ್, ಇನ್ನೂ ಬದಲಾಗದೆ ಉಳಿದಿದ್ದರೆ ಅದರಷ್ಟು ಅಪಾಯ ಇನ್ನೊಂದಿಲ್ಲ. ಡ್ರೈವರ್ ಬದಿ, ಪಕ್ಕದ ಸೀಟಿನ ಬದಿ ಎರಡಕ್ಕೂ ಬೇರೆ ಬೇರೆ ವರ್ಷಗಳಲ್ಲಿ ರೀಕಾಲ್ ಬಂದಿರಬಹುದು. ಒಂದು ಬದಿಯ ಕೆಲಸ ಆಗಿದೆ ಎಂದ ಮಾತ್ರಕ್ಕೆ ಸಮಾಧಾನ ಬೇಡ. ಹೋಂಡಾ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಎರಡರ ಬಗ್ಗೆಯೂ ಕೇಳಿ. ಬಾಕಿ ಇದ್ದರೆ ಅದು ಮುಗಿಯುವವರೆಗೆ ಆ ಗಾಡಿಯಲ್ಲಿ ಮನೆಯವರನ್ನು ಕೂರಿಸಬೇಡಿ, ಬೆಲೆ ಎಷ್ಟೇ ಕಡಿಮೆ ಇರಲಿ.

ಹಂತ 3: ಬಾಯಿ ಮಾತು ನಂಬಬೇಡಿ, ಜಾಬ್ ಕಾರ್ಡ್ ನೋಡಿ

"ಎಲ್ಲಾ ಆಗಿದೆ ಸಾರ್, ಕಂಪನಿಯಲ್ಲೇ ಮಾಡಿಸಿದ್ದು" ಎಂದು ಬ್ರೋಕರ್ ಹೇಳುತ್ತಾನೆ. ಕೆಲಸ ಆದದ್ದಕ್ಕೆ ಜಾಬ್ ಕಾರ್ಡ್ (ದೂರು, ಮಾಡಿದ ಕೆಲಸ ಬರೆದ ಸರ್ವಿಸ್ ಸೆಂಟರಿನ ಚೀಟಿ) ಅಥವಾ ಸೊನ್ನೆ ರೂಪಾಯಿಯ ಬಿಲ್ ಇರುತ್ತದೆ. ರೀಕಾಲ್ ಕೆಲಸಕ್ಕೆ ಹಣ ತೆಗೆದುಕೊಳ್ಳುವ ಹಾಗಿಲ್ಲ. ನೀವು ಎರಡನೇ ಮಾಲೀಕರಾಗಲಿ, ಮೂರನೇ ಮಾಲೀಕರಾಗಲಿ, ಅದು ಗಾಡಿಗೆ ಸೇರಿದ ಹಕ್ಕು. ವಾರಂಟಿ ಮುಗಿದಿದೆ ಎಂಬ ನೆಪವೂ ಇಲ್ಲಿ ನಡೆಯುವುದಿಲ್ಲ.

ಸರ್ವಿಸ್ ಹಿಸ್ಟರಿಯ ಪ್ರಿಂಟ್ ಸಿಕ್ಕರೆ ಅದನ್ನು ಕೂತು ಓದಿ. ಪ್ರತಿ ಸಾಲಿನಲ್ಲೂ ತಾರೀಖು, ಕಿಲೋಮೀಟರ್, ಮಾಲೀಕರು ಹೇಳಿದ ದೂರು ಇರುತ್ತದೆ. ಕಿಲೋಮೀಟರ್ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿದ್ದರೆ ಮೀಟರ್ ತಿರುಗಿಸಿದ್ದಾರೆ ಎಂದರ್ಥ. ಒಂದೇ ದೂರು ಮತ್ತೆ ಮತ್ತೆ ಬಂದಿದ್ದರೆ, ಉದಾಹರಣೆಗೆ "ಸ್ಟೀರಿಂಗ್ ಸದ್ದು" ಎಂದು ಒಂದೇ ವರ್ಷದಲ್ಲಿ ಹಲವು ಸಲ ಬರೆದಿದ್ದರೆ, ಆ ತೊಂದರೆ ಹೋಗಿಲ್ಲ. ಬಹುಶಃ ಅದಕ್ಕೇ ಗಾಡಿ ಮಾರುತ್ತಿದ್ದಾರೆ.

ಹಂತ 4: ಮಾಲೀಕರ ದೂರುಗಳನ್ನು ತೂಗಿ ನೋಡಿ

ಯಾವ ಮಾಡೆಲ್ ಬಗ್ಗೆ ಹುಡುಕಿದರೂ ದೂರು ಸಿಗುತ್ತದೆ. ಖುಷಿಯಾಗಿರುವವರು ಬರೆಯುವುದು ಕಡಿಮೆ. ಆದ್ದರಿಂದ ಎಷ್ಟು ದೂರು ಇದೆ ಎಂಬುದಕ್ಕಿಂತ ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ವರ್ಷ, ಎಷ್ಟು ಕಿಲೋಮೀಟರಿಗೆ ಬಂತು ಎಂಬುದನ್ನು ಬರೆದುಕೊಳ್ಳಿ. ಈ ನಾಲ್ಕೂ ನಿಮ್ಮ ಗಾಡಿಗೆ ಹೊಂದಿದರೆ ಮಾತ್ರ ಆ ದೂರು ನಿಮ್ಮದು. ಟಚ್‌ಸ್ಕ್ರೀನ್ ಹ್ಯಾಂಗ್ ಆಗುವುದು, ಸನ್‌ರೂಫ್ ಕಿರುಗುಡುವುದು ಕಿರಿಕಿರಿ ಅಷ್ಟೆ. ಬ್ರೇಕ್, ಸ್ಟೀರಿಂಗ್, ಓಡುವಾಗಲೇ ಎಂಜಿನ್ ಆಫ್ ಆಗುವುದು, ಇವುಗಳ ದೂರು ಒಂದೆರಡೇ ಇದ್ದರೂ ಬಿಡಬೇಡಿ.

ಹೊಸ ಮಾಡೆಲ್ ಬಂದ ಮೊದಲ ಕೆಲವು ತಿಂಗಳ ಗಾಡಿಗಳಲ್ಲಿ ದೂರು ಜಾಸ್ತಿ. 2021ರಲ್ಲಿ ಕುಶಾಕ್ ಬಂದಾಗ ಇಪಿಸಿ ಎಂಬ ದೀಪ ಹತ್ತಿ ಗಾಡಿಯ ಶಕ್ತಿ ಇಳಿದುಹೋಗುತ್ತಿದೆ ಎಂದು ಮಾಲೀಕರು ದೂರಿದರು. ಕಂಪನಿ ಫ್ಯುಯಲ್ ಪಂಪನ್ನೇ ಬದಲಿಸಿ ಗಟ್ಟಿಯಾದದ್ದನ್ನು ಕೊಟ್ಟಿತು. ಇವತ್ತು 2021ರ ಕುಶಾಕ್ ನೋಡುವವರು ಪಂಪ್ ಬದಲಾಗಿದೆಯಾ ಎಂದು ಕೇಳಿದರೆ ಸಾಕು, ಅದಕ್ಕೆ ಹೆದರಿ ಗಾಡಿ ಬಿಡಬೇಕಿಲ್ಲ.

ಡೀಸೆಲ್ ಕೊಳ್ಳುವವರು ಡಿಪಿಎಫ್ ಬಗ್ಗೆ ತಿಳಿದಿರಲೇಬೇಕು. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಎಸ್‌ಯುವಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಅದೇ ಡಿಪಿಎಫ್. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟು ಹೊರಗೆ ಹಾಕಬೇಕು. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ಹೈವೇ ವೇಗದಲ್ಲಿ ಓಡಬೇಕು. ಬೆಂಗಳೂರಿನಲ್ಲಿ ಮನೆಯಿಂದ ಆಫೀಸಿಗೆ ಐದಾರು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕಾಗಿ ಎಂಜಿನ್ ಒಳಗೆ ಬಿಟ್ಟ ಹೆಚ್ಚುವರಿ ಡೀಸೆಲ್ ಸ್ವಲ್ಪ ಸ್ವಲ್ಪವೇ ಆಯಿಲಿಗೆ ಇಳಿಯುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ. ಒರೆಸಿ, ಮತ್ತೆ ಹಾಕಿ, ಮತ್ತೆ ಎಳೆಯಿರಿ. ಆಯಿಲ್ ಮೇಲಿನ ಗುರುತನ್ನೂ ದಾಟಿ ನಿಂತಿದ್ದರೆ, ಬೆರಳಿಗೆ ಹಚ್ಚಿ ಉಜ್ಜಿದಾಗ ನೀರುನೀರಾಗಿದ್ದರೆ, ಡೀಸೆಲ್ ವಾಸನೆ ಹೊಡೆದರೆ ಆ ಗಾಡಿ ಸಿಟಿಯಲ್ಲೇ ಸವೆದದ್ದು. ಆಯಿಲ್ ತೆಳುವಾದರೆ ಟರ್ಬೊ, ಬೇರಿಂಗ್ ಎಲ್ಲಕ್ಕೂ ಏಟು. ಮಾರುವವರು "ಹೈವೇ ರನ್ನಿಂಗ್ ಮಾತ್ರ" ಎಂದಿದ್ದರೂ ಡಿಪ್‌ಸ್ಟಿಕ್ ನಿಜ ಹೇಳುತ್ತದೆ. ಆಡ್‌ಬ್ಲೂ (ಡೀಸೆಲ್ ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ) ಹಾಕುವ ಗಾಡಿಯಾದರೆ ಅದರ ಮುಚ್ಚಳದ ಸುತ್ತ ಬಿಳಿ ಉಪ್ಪು ಕಟ್ಟಿದೆಯಾ ನೋಡಿ. ಅದು ಚೆಲ್ಲಿ ಒಣಗಿದ ಗುರುತು. ಸುತ್ತಲಿನ ವೈರು, ಕನೆಕ್ಟರ್ ತುಕ್ಕು ಹಿಡಿದಿದೆಯಾ ಎಂದೂ ನೋಡಿಬಿಡಿ.

ಆಟೊಮ್ಯಾಟಿಕ್‌ನಲ್ಲಿ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್, ಇದ್ದರೆ ಅದು ಡ್ರೈ ಕ್ಲಚ್ಚಾ ಅಥವಾ ಆಯಿಲಿನಲ್ಲಿ ಮುಳುಗಿರುವ ವೆಟ್ ಕ್ಲಚ್ಚಾ ಎಂದು ಕೇಳಿ. 1.4 ಟರ್ಬೊ ಕ್ರೆಟಾ, ಸೆಲ್ಟೋಸ್‌ಗಳಲ್ಲಿ, 1.5 ಟರ್ಬೊ ಕುಶಾಕ್, ಟೈಗುನ್‌ಗಳಲ್ಲಿ ಇರುವುದು ಡ್ರೈ ಕ್ಲಚ್. ಸಿಲ್ಕ್ ಬೋರ್ಡ್ ತರಹದ ಟ್ರಾಫಿಕ್ಕಿನಲ್ಲಿ ಇಂಚಿಂಚೇ ಹೋಗುವಾಗ ಕ್ಲಚ್ ಜಾರುತ್ತಾ ಜಾರುತ್ತಾ ಬಿಸಿಯಾಗುತ್ತದೆ. ಮಾಲೀಕರ ದೂರು ಬಹಳ ಇರುವುದು ಇದರ ಬಗ್ಗೆಯೇ. ಟ್ರಯಲ್ ನೋಡುವಾಗ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗಲ್ಲ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿ, ಆಮೇಲೆ ಏರಿನಲ್ಲಿ ನಿಲ್ಲಿಸಿ ಮುಂದಕ್ಕೆ, ರಿವರ್ಸ್‌ಗೆ ಎತ್ತಿ. ನಡುಗಿದರೆ, ಜರ್ಕ್ ಹೊಡೆದರೆ, ಕ್ಲಚ್ ವಾಸನೆ ಬಂದರೆ ಖರ್ಚಿನ ಅಂದಾಜು ಸರ್ವಿಸ್ ಸೆಂಟರಿನಲ್ಲಿ ಬರಹದಲ್ಲಿ ತಗೊಳ್ಳಿ.

ಫೋರ್ಡ್ ಇಕೊಸ್ಪೋರ್ಟ್ ಬಗ್ಗೆ ಎರಡು ಮಾತು. ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಹೇಳಿತು, ಆದ್ದರಿಂದ ನಿಮ್ಮ ಊರಿಗೆ ಹತ್ತಿರ ಸರ್ವಿಸ್ ಇದೆಯಾ ಎಂಬುದನ್ನು ಮೊದಲು ನೋಡಿ. ಅಮೆರಿಕದಲ್ಲಿ ಮಾರಿದ ಇಕೊಸ್ಪೋರ್ಟ್ ಹೋದದ್ದು ಚೆನ್ನೈನಿಂದಲೇ. ಅಲ್ಲಿ 1.0 ಇಕೊಬೂಸ್ಟ್ ಎಂಜಿನ್ನಿನ ಆಯಿಲ್ ಪಂಪ್ ಬೆಲ್ಟ್ ಟೆನ್ಷನರ್‌ಗಾಗಿ 2023ರ ಕೊನೆಯಲ್ಲಿ ಇಕೊಸ್ಪೋರ್ಟ್, ಫೋಕಸ್ ಸೇರಿ ಸುಮಾರು 1.39 ಲಕ್ಷ ಗಾಡಿಗಳ ರೀಕಾಲ್ ಆಯಿತು. ಆಯಿಲ್ ಒತ್ತಡ ಬಿದ್ದರೆ ಎಂಜಿನ್ ನಿಲ್ಲಬಹುದು, ಬ್ರೇಕಿನ ಪವರ್ ಅಸಿಸ್ಟ್ ಕೂಡ ಹೋಗಬಹುದು. ಆ ರೀಕಾಲ್ ಅಲ್ಲಿನ ಗಾಡಿಗಳಿಗೆ ಮಾತ್ರ. ಆದರೆ ನಮ್ಮಲ್ಲಿ 1.0 ಇಕೊಬೂಸ್ಟ್ ನೋಡುತ್ತಿರುವವರಿಗೆ ಯಾವ ಭಾಗದ ಬಗ್ಗೆ ಕೇಳಬೇಕು, ಆಯಿಲ್ ಸರಿಯಾದ ಗ್ರೇಡಿನದ್ದು ಸರಿಯಾದ ಸಮಯಕ್ಕೆ ಹಾಕಿದ್ದಾರಾ ಎಂದು ಯಾಕೆ ನೋಡಬೇಕು ಎಂಬುದು ಅದರಿಂದ ತಿಳಿಯುತ್ತದೆ. 1.5 ಡೀಸೆಲ್ ಇಕೊಸ್ಪೋರ್ಟ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ಹಂತ 5: ಗಾಡಿಯ ಮುಂದೆ ನಿಂತು

ಬೆಳಗ್ಗೆ ಹೋಗಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ತಣ್ಣಗಿನ ಎಂಜಿನ್ನಿನ ಸದ್ದು ನಿಮಗೆ ಕೇಳಿಸಬಾರದು ಎಂಬ ಆಸೆ ಅವರಿಗಿದೆ.

ಒಳಗೆ ಕೂತು ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ದೀಪಗಳು ಹತ್ತುತ್ತವೆ. ಕೂತ ಮನುಷ್ಯನ ಎದುರು ದುಂಡಗಿನ ಚೆಂಡು ಇರುವ ಚಿತ್ರ ಏರ್‌ಬ್ಯಾಗ್ ದೀಪ. ಅದು ಹತ್ತಿ, ಕೆಲವು ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಆರದೆ ಉಳಿದರೆ ದೋಷ ಇದೆ. ಅದಕ್ಕಿಂತ ಕೆಟ್ಟದ್ದು, ಹತ್ತದೇ ಇರುವುದು. ಅಪಘಾತದಲ್ಲಿ ಏರ್‌ಬ್ಯಾಗ್ ಸಿಡಿದ ಮೇಲೆ ಹೊಸದು ಹಾಕದೆ, ದೀಪದ ಸಂಪರ್ಕವನ್ನೇ ಕತ್ತರಿಸುವವರಿದ್ದಾರೆ. ಇನ್ನೂ ಕೆಲವರು ಅದನ್ನು ಬೇರೆ ದೀಪಕ್ಕೆ ಸೇರಿಸಿ, ಅದು ಆರಿದಾಗ ಇದೂ ಆರುವಂತೆ ಮಾಡುತ್ತಾರೆ. ಆದ್ದರಿಂದ ಏರ್‌ಬ್ಯಾಗ್ ದೀಪ ತನ್ನ ಪಾಡಿಗೆ ಬೇರೆ ಹೊತ್ತಿನಲ್ಲಿ ಆರುತ್ತಿದೆಯಾ ಎಂದು ನೋಡಿ. ಫೋನಿನಲ್ಲಿ ವಿಡಿಯೊ ಮಾಡಿಕೊಂಡು ನಿಧಾನವಾಗಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಆಮೇಲೆ ಪ್ರತಿ ಸೀಟಿನ ಬೆಲ್ಟನ್ನೂ ಕೊನೆಯವರೆಗೆ ಎಳೆಯಿರಿ. ಜೋರಾಗಿ ಜಗ್ಗಿದರೆ ಲಾಕ್ ಆಗಬೇಕು. ಬುಡದಲ್ಲಿ ಚೀಟಿಯ ಮೇಲೆ ತಯಾರಾದ ತಾರೀಖು ಇರುತ್ತದೆ. ಮೂರು ಬೆಲ್ಟಿಗೆ ಒಂದು ವರ್ಷ, ಡ್ರೈವರ್ ಬೆಲ್ಟಿಗೆ ಮಾತ್ರ ಇನ್ನೊಂದು ವರ್ಷ ಇದ್ದರೆ ಯಾಕೆ ಬದಲಿಸಿದರು ಎಂದು ಕೇಳಿ. ರೀಕಾಲ್ ಕಾರಣ ಇರಬಹುದು, ಅಪಘಾತವೂ ಇರಬಹುದು. ಎಳೆದ ಬೆಲ್ಟಿನ ಒಳಭಾಗದಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ ನೀರಿನಲ್ಲಿ ನಿಂತಿತ್ತು. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರು ಸುತ್ತ ಬೇಸ್‌ಮೆಂಟುಗಳಲ್ಲಿ ಮುಳುಗಿದ ಗಾಡಿಗಳನ್ನು ನೆನಪಿಸಿಕೊಳ್ಳಿ. ಅಂಥ ಗಾಡಿಯಲ್ಲಿ ವೈರಿಂಗ್ ತೊಂದರೆ ಯಾವತ್ತೂ ಮುಗಿಯುವುದಿಲ್ಲ.

ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಸಾಧನ) ಇರುವ ಮೆಕ್ಯಾನಿಕ್ ಸಿಕ್ಕರೆ ದೋಷದ ಕೋಡ್ ಜೊತೆಗೆ, ಗಾಡಿ ತನ್ನ ಸ್ವಯಂ ಪರೀಕ್ಷೆ ಮುಗಿಸಿದೆಯಾ ಎಂದು ತೋರಿಸುವ ರೆಡಿನೆಸ್ ಮಾನಿಟರನ್ನೂ ನೋಡಲು ಹೇಳಿ. ಕೋಡ್ ಒಂದೂ ಇಲ್ಲ, ಆದರೆ ಮಾನಿಟರ್‌ಗಳೆಲ್ಲ ಇನ್ನೂ ಪೂರ್ತಿಯಾಗಿಲ್ಲ ಎಂದು ತೋರಿಸಿದರೆ, ಬ್ಯಾಟರಿ ಈಚೆಗೆ ತೆಗೆದಿದ್ದಾರೆ ಅಥವಾ ನೀವು ಬರುವ ಮುಂಚೆ ಕೋಡ್ ಅಳಿಸಿದ್ದಾರೆ. ಒಂದಷ್ಟು ದಿನ ಓಡಿದ ಮೇಲೆ ಮತ್ತೆ ಬಂದು ನೋಡುವುದು ಒಳ್ಳೆಯದು.

ಹಂತ 6: ಮಾತುಕತೆ, ಪೇಪರು

ರೀಕಾಲ್ ಬಾಕಿ ಇದೆ ಎಂದು ಗೊತ್ತಾದರೆ ಬೆಲೆ ಇಳಿಸಿ ಎಂದು ಕೇಳುವುದಕ್ಕಿಂತ ಕೆಲಸ ಮಾಡಿಸಿ ಕೊಡಿ ಎಂದು ಕೇಳಿ. ಅದು ಹೇಗಿದ್ದರೂ ಫ್ರೀ. ಬಿಡಿಭಾಗ ಬರಲು ತಡವಾಗುತ್ತದೆ ಎಂದರೆ ಬುಕ್ ಮಾಡಿದ ಜಾಬ್ ಕಾರ್ಡ್ ನಂಬರ್ ಪಡೆದು, ಅಡ್ವಾನ್ಸ್ ಅಷ್ಟೇ ಕೊಟ್ಟು ಕಾಯಿರಿ.

ಪೇಪರ್ ಬಗ್ಗೆ ಚಿಕ್ಕದಾಗಿ. ವರ್ಗಾವಣೆಗೆ ಫಾರಂ 29 ಮತ್ತು 30. ಲೋನ್ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ, ಜೊತೆಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಎಷ್ಟಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ದೆಹಲಿ ಗಾಡಿ ಅಗ್ಗ ಎಂದು ತಂದವರಿಗೆ ಇಲ್ಲಿ ಟ್ಯಾಕ್ಸ್ ಕಟ್ಟುವಾಗ ಲಾಭ ಎಲ್ಲ ಕರಗಿಹೋಗುತ್ತದೆ. ಗಾಡಿ ಕೈಗೆ ಬಂದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಮಾತ್ರ ನಿಮಗೆ ಬರುವುದಿಲ್ಲ, ಅದು ಹಳೆ ಮಾಲೀಕರದ್ದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ

ಅಲ್ಲಿ ಈ ಕೆಲಸ ಸುಲಭ. ಹೆದ್ದಾರಿ ಸುರಕ್ಷತೆಯ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ 17 ಅಕ್ಷರ-ಅಂಕಿಯ ವಿನ್ ನಂಬರ್ (ನಮ್ಮ ಚಾಸಿ ನಂಬರೇ) ಹಾಕಿದರೆ ಬಾಕಿ ರೀಕಾಲ್ ತಕ್ಷಣ ಕಾಣುತ್ತದೆ. ಮಾಲೀಕರು ಬರೆದ ದೂರುಗಳೂ ಅಲ್ಲೇ ಓದಲು ಸಿಗುತ್ತವೆ. ಆದರೆ ಒಂದು ವಿಷಯ ಹೊಸದಾಗಿ ಹೋದವರಿಗೆ ಗೊತ್ತಿರುವುದಿಲ್ಲ. ರೀಕಾಲ್ ಬಾಕಿ ಇರುವ ಹೊಸ ಗಾಡಿಯನ್ನು ಡೀಲರ್ ಮಾರುವ ಹಾಗಿಲ್ಲ. ಹಳೆ ಗಾಡಿಗೆ ದೇಶಕ್ಕೆಲ್ಲ ಅನ್ವಯವಾಗುವ ಅಂಥ ಕಾನೂನಿಲ್ಲ. ಡೀಲರ್ ಹತ್ತಿರವೇ ಕೊಂಡರೂ ನಂಬರನ್ನು ನೀವೇ ಹಾಕಿ ನೋಡಬೇಕು.

ಹಂತ 7: ಕೊಂಡ ಮೇಲೆ

ಆರ್‌ಸಿ ನಿಮ್ಮ ಹೆಸರಿಗಾದ ವಾರದೊಳಗೆ ಸರ್ವಿಸ್ ಸೆಂಟರಿಗೆ ಹೋಗಿ ಕಂಪನಿಯ ದಾಖಲೆಯಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಹಾಕಿಸಿ. ಕಂಪನಿಯ ಕಸ್ಟಮರ್ ಕೇರ್‌ಗೆ ಕರೆ ಮಾಡಿಯೂ ಮಾಡಿಸಬಹುದು. ನಾಳೆ ಹೊಸ ರೀಕಾಲ್ ಬಂದರೆ ಮೆಸೇಜ್ ಬರಬೇಕಾದದ್ದು ನಿಮಗೆ. ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸುವವರೂ ವರ್ಷಕ್ಕೊಮ್ಮೆ ಚಾಸಿ ನಂಬರ್ ಕೊಟ್ಟು ಬಾಕಿ ಕೆಲಸ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ನಿಮ್ಮ ಗಾಡಿಯಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷ ಕಂಡರೆ, ಉದಾಹರಣೆಗೆ ಓಡುವಾಗ ಸ್ಟೀರಿಂಗ್ ಗಟ್ಟಿಯಾದರೆ ಅಥವಾ ಬ್ರೇಕ್ ಪೆಡಲ್ ಒಳಗೆ ಹೋದರೆ, ಸರ್ವಿಸ್ ಸೆಂಟರಿನಲ್ಲಿ ಹೇಳಿ ಬಂದರೆ ಸಾಲದು. ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತನ್ನೇ ಬರೆಸಿ. "ಗ್ರಾಹಕರ ದೂರು: ಸದ್ದು" ಎಂದು ಎರಡು ಪದ ಗೀಚಿದರೆ ಒಪ್ಪಬೇಡಿ. ಆಮೇಲೆ ಸರ್ಕಾರದ ವಾಹನ್ ಪೋರ್ಟಲಿನ ರೀಕಾಲ್ ವಿಭಾಗದಲ್ಲಿ ದೂರು ದಾಖಲಿಸಿ. ಮಾರಾಟವಾದ ಗಾಡಿಗಳ ಎದುರು ಎಷ್ಟು ದೂರು ಬಂತು ಎಂಬ ಲೆಕ್ಕದ ಮೇಲೆಯೇ ಕಡ್ಡಾಯ ರೀಕಾಲ್ ಪ್ರಕ್ರಿಯೆ ಶುರುವಾಗುತ್ತದೆ. ಗೆಳೆಯರ ಗುಂಪಿನಲ್ಲಿ ಬರೆದ ದೂರು ಆ ಲೆಕ್ಕಕ್ಕೆ ಬರುವುದಿಲ್ಲ, ಪೋರ್ಟಲಿನದ್ದು ಬರುತ್ತದೆ. ರೀಕಾಲ್ ಕೆಲಸಕ್ಕೆ ಹಣ ಕೇಳಿದರೆ, ಮಾಡಲ್ಲ ಎಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆಗ ಕೈಯಲ್ಲಿ ಇರಬೇಕಾದದ್ದು ಜಾಬ್ ಕಾರ್ಡುಗಳು, ಬಿಲ್ಲುಗಳು, ದೂರಿನ ನಂಬರ್. ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ, ಮುಂದೆ ಗಾಡಿ ಮಾರುವಾಗ ಆ ಫೈಲನ್ನೂ ಕೊಳ್ಳುವವರ ಕೈಗೆ ಕೊಡಿ.